ಹಲಗೆಯ ಮೇಲೆ ಉಳಿದ ವಾಕ್ಯ

ನಾನು ನಿಂತಿದ್ದು ಕರಿಹಲಗೆಯ ಎಡಗಡೆ, ಕೈಯಲ್ಲಿ ಸೀಮೆಸುಣ್ಣ ಹಿಡಿದು. ಹೊಸನಗರದ ಕಡೆಯ ಒಂದು ಹೈಸ್ಕೂಲು, ಕೊನೆಯ ತರಗತಿ. ಅರವತ್ತಾರನೇ ಇಸವಿ, ದೀಪಾವಳಿ ರಜೆ ಮುಗಿದ ವಾರ, ಊಟದ ಬಿಡುವಿನ ನಂತರದ ಪೀರಿಯಡ್ಡು. ನನ್ನ ಅಕ್ಷರ ದುಂಡಗಿದ್ದುದರಿಂದ, ಉಳಿದವರು ಹೇಳಿದ ವಾಕ್ಯಗಳನ್ನು ಹಲಗೆಯ ಮೇಲೆ ಬರೆಯುವ ಕೆಲಸ ನನ್ನದು.

ಇಂಗ್ಲಿಷ್ ಮೇಷ್ಟ್ರು ಅಂದು ‘ವೇರ್ ಡೌನ್’ ಕಲಿಸುತ್ತಿದ್ದರು. ಒಂದೇ ಏಟಿಗೆ ಮುರಿಯುವುದಲ್ಲ, ಮೇಲಿಂದ ಮೇಲೆ ತಾಗಿ ಸವೆಸುವುದು. ಕೊನೆಗೆ ಬೇಡ ಅನ್ನುವ ತ್ರಾಣವೂ ಉಳಿಯದಂತೆ ಮಾಡುವುದು ಎಂದರು.

"ಕಲ್ಲಿಗೂ ಹೇಳಬಹುದು, ಮನುಷ್ಯರಿಗೂ ಹೇಳಬಹುದು. ನಿಮ್ಮಜ್ಜಿ ನಿಮ್ಮಜ್ಜನಿಗೆ ಮಾಡಿದ್ದು ಅದೇ."

ಎಲ್ಲರೂ ನಕ್ಕೆವು.

"ಪುಸ್ತಕದ್ದು ಬೇಡ. ನಿಮ್ಮನೆಯದೇ ಒಂದು ವಾಕ್ಯ ಹೇಳಿ."

ಇಂಗ್ಲಿಷಿನಲ್ಲಿ ನಮಗೆಲ್ಲ ಮುಂದಿದ್ದ ಹುಡುಗ ಎದ್ದ. ಅವನಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಒಡೆಯರ ಆಳುಗಳು ವರ್ಷಗಟ್ಟಲೆ ನೀರು ತಡೆದು, ಬೇಲಿ ಕಿತ್ತು, ಪೈರಿಗೆ ದನ ನುಗ್ಗಿಸಿ, ಆ ಬೇಸಿಗೆಯಲ್ಲಿ ಅವರಿಂದ ಗದ್ದೆ ಬಿಡಿಸಿದ್ದರು. ಒಡೆಯರು ತನ್ನ ಅಪ್ಪನನ್ನು ಸವೆಸಿಬಿಟ್ಟರು ಎಂಬ ಅರ್ಥದ ವಾಕ್ಯವನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ. ನಾನು ಬರೆದೆ.

ಮೇಷ್ಟ್ರಿಗೆ ಊಟ, ವಾಸ ಎರಡೂ ಆ ಒಡೆಯರ ಮನೆಯಲ್ಲೇ. ಒಡೆಯರ ಮಗ ಎರಡನೇ ಬೆಂಚಿನಲ್ಲಿ ಕೂತಿದ್ದ.

"ಸುಳ್ಳು ಅನ್ನು," ಎಂದರು ಮೇಷ್ಟ್ರು.

"ನಿಜ ಸಾರ್. ನಾನೇ ನೋಡಿದೀನಿ."

ಬೆತ್ತ ಮೊದಲು ಅಂಗೈಗೆ ಬಿತ್ತು. ಆಮೇಲೆ ಕೈ ಮಗುಚಿಸಿ ಗೆಣ್ಣುಗಳ ಮೇಲೆ. ಚರ್ಮ ಒಡೆಯಿತು, ಬೆತ್ತ ಎತ್ತಿದಾಗ ರಕ್ತದ ಹನಿ ನನ್ನ ಅಂಗಿಗೆ ಸಿಡಿಯಿತು. ಏಟು ಏಟಿನ ನಡುವೆ ಅದೇ ಮಾತು, "ಸುಳ್ಳು ಅನ್ನು." ಅವನು ಕೈ ಹಿಂದಕ್ಕೆಳೆದುಕೊಂಡರೆ ಬೆನ್ನಿಗೆ, ಕುತ್ತಿಗೆಗೆ, ಕಿವಿಗೆ. ಮೊದಮೊದಲು "ನಿಜ" ಎನ್ನುತ್ತಿದ್ದವನು ಆಮೇಲೆ ಬರೀ ತಲೆ ಆಡಿಸಿದ. ಆಮೇಲೆ ಅದೂ ಇಲ್ಲ. ಕುಸಿದು ಬೆಂಚಿನ ಅಂಚು ಹಿಡಿದುಕೊಂಡ. ಆ ಬೆರಳುಗಳ ಮೇಲೆ ಬಿದ್ದ ಏಟಿಗೆ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

"ಸುಳ್ಳು, ಸಾರ್."

"ಇಂಗ್ಲಿಷಲ್ಲಿ ಹೇಳು. ಅವನು ಬರೀತಾನೆ."

ಅವನು ತಲೆಯೆತ್ತಿ ಮೇಷ್ಟ್ರನ್ನು ನೋಡಿದ. "ನಂಗೆ ಇಂಗ್ಲಿಷ್ ಬರಲ್ಲ, ಸಾರ್."

ಮತ್ತೆ ಹೊಡೆದರು. ಪ್ರಜ್ಞೆ ತಪ್ಪುವ ತನಕ ಅವನು ಅದೊಂದನ್ನೇ ಹೇಳಿದ. ಮೇಷ್ಟ್ರು ಬೆತ್ತವನ್ನು ಮೇಜಿನ ಮೇಲಿಟ್ಟು, ಹಲಗೆಯ ಕಡೆ ನೋಡದೆ ಹೊರಟುಹೋದರು.

ಅವನು ಮತ್ತೆ ಶಾಲೆಗೆ ಬರಲಿಲ್ಲ. ಈಗ ತೀರ್ಥಹಳ್ಳಿಯಲ್ಲಿದ್ದಾನೆ, ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಕಣ್ಣಾರೆ ಕಂಡವರಲ್ಲಿ, ನನಗೆ ಗೊತ್ತಿದ್ದಂತೆ, ಇನ್ನಿಬ್ಬರು ಬದುಕಿದ್ದಾರೆ. ಮುಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡಿದ್ದ ಹುಡುಗಿ ಸಾಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಇನ್ನೊಬ್ಬ ಒಡೆಯರ ಮಗ. ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆ.

"ಎಲ್ಲ ನೆನಪಿದ್ದು ಮಾರಾಯ," ಎಂದ. "ಬರಿ."