ತಾರೀಖಷ್ಟೇ ಓದಲು ಬಂತು

ಹೆಂಡತಿಯ ಕುತ್ತಿಗೆಯ ಗಡ್ಡೆಯ ಆಪರೇಷನ್ನಿಗೆ ಎರಡೇ ದಿನ ಉಳಿದಿತ್ತು. ಅರಿವಳಿಕೆ ಕೊಡುವ ಡಾಕ್ಟರಮ್ಮ ಕೇಳಿದರು: "ಹಿಂದ ಯಾವ್ದರ ಇಂಜೆಕ್ಷನ್ ಮೈಗೆ ಒಗ್ಗದ ತ್ರಾಸ ಆಗಿತ್ತೇನ್ರಿ?"

ಆಗಿತ್ತು. ವರ್ಷಗಳ ಹಿಂದೆ ಕಾಲು ಮುರಿದಾಗ ಕೊಟ್ಟ ಒಂದು ಇಂಜೆಕ್ಷನ್ನಿಗೆ ಅವಳ ಮುಖ ಬಾತು, ಉಸಿರು ಕಟ್ಟಿ, ನನ್ನ ಕೈಯಲ್ಲಿದ್ದ ಕೈ ತಣ್ಣಗಾಗಿತ್ತು. ಹೆಸರು ಮಾತ್ರ ಇಬ್ಬರಿಗೂ ನೆನಪಿಲ್ಲ.

"ಬರದಿಟ್ಟೇನ್ರಿ, ನಾಳೆ ತಂದು ತೋರಸ್ತೇನಿ" ಎಂದು ಬಂದೆ.

ದಿನದಿನದ್ದನ್ನು ಬರೆದಿಡುವುದು ನನ್ನ ರೂಢಿ. ಹಾಲಿನವ ಬಾರದ ದಿನ, ಗ್ಯಾಸ್ ಮುಗಿದ ದಿನ, ಅವಳ ಜ್ವರ, ಗುಳಿಗೆ, ಎಲ್ಲ ನವನಗರದ ಮನೆಯ ಹಳೆಯ ಕಂಪ್ಯೂಟರಿನಲ್ಲಿದೆ. ಆಸ್ಪತ್ರೆಯ ಚೀಟಿಗಳನ್ನು ನೋಡಿ ಟೈಪ್ ಮಾಡಿಕೊಂಡು ರದ್ದಿಗೆ ಹಾಕಿದವನೂ ನಾನೇ. ಆ ಆಸ್ಪತ್ರೆ ಮುಚ್ಚಿ ಬಹಳ ದಿನವಾಯಿತು.

ಫೈಲ್ ತೆರೆದೆ. ತಾರೀಖುಗಳು ಕಂಡವು. ಉಳಿದದ್ದೆಲ್ಲ ಕೊಂಬು, ಚುಕ್ಕಿ, ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳ ರಾಶಿ. ಹೋದ ತಿಂಗಳು ಕಂಪ್ಯೂಟರ್ ಕೆಟ್ಟಾಗ ಗೋಕುಲ ರಸ್ತೆಯ ಅಂಗಡಿಯವರು ನನ್ನ ಫೈಲುಗಳನ್ನು ಬೇರೆ ತೆಗೆದಿಟ್ಟು, ಉಳಿದದ್ದೆಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟಿದ್ದರು. ಫೈಲುಗಳು ಉಳಿದಿದ್ದವು, ಅವನ್ನು ಕನ್ನಡದಲ್ಲಿ ತೋರಿಸುವ ಹಳೆಯ ಸಾಫ್ಟ್‌ವೇರ್ ಹೋಗಿತ್ತು. ಔಷಧದ ಹೆಸರನ್ನಾದರೂ ಇಂಗ್ಲಿಷಿನಲ್ಲಿ ಬರೆಯಬಾರದಿತ್ತೇ? ಅದನ್ನೂ ಹಟ ಹಿಡಿದು ಕನ್ನಡದಲ್ಲೇ ಬರೆದಿದ್ದೆ.

ನೆಟ್ಟಿನಲ್ಲಿ ಅಂಥ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದೇ ಎಂದು ಹುಡುಕಿದೆ. ಮೊದಲನೆಯದು, ಈ ಕಂಪ್ಯೂಟರಿಗೆ ಹೊಂದುವುದಿಲ್ಲ ಎಂದಿತು. ಎರಡನೆಯದೂ ಹಾಗೆಯೇ. ಮೂರನೆಯ ಕಡೆ ದೊಡ್ಡ ಹಸಿರು ಗುಂಡಿ ಒತ್ತಿದ್ದೇ ಪರದೆ ಕೆಂಪಾಯಿತು, ಸೈರನ್ ಕೂಗಿತು. ನಿಮ್ಮ ಫೈಲುಗಳು ಅಪಾಯದಲ್ಲಿವೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ! ಮೊಬೈಲ್ ತೆಗೆದು ನಂಬರ್ ಒತ್ತತೊಡಗಿದ್ದೆ. ಅಡುಗೆಮನೆಯಿಂದ ಓಡಿಬಂದ ಹೆಂಡತಿ ಪ್ಲಗ್ ಕಿತ್ತಳು.

"ಯಾರಿಗ್ರೀ ಫೋನ್ ಹಚ್ಚಾಕತ್ತೀರಿ? ಕಳ್ಳರನ್ನ ಕರದು ಚಾ ಕೊಡವ್ರೇನು?"

"ಫೈಲ್ ಹೋಗಿದ್ರ ಏನ್ ಮಾಡ್ಲಿ?"

"ನೀವು ಬರದದ್ದು ನಿಮಗ ಓದಾಕ ಬರವಲ್ದು. ಹೋದ್ರೇನು, ಇದ್ರೇನು?" ನಕ್ಕಳು. ನಗುವಾಗ ಕುತ್ತಿಗೆಯ ಗಡ್ಡೆ ಮೇಲೆ ಕೆಳಗೆ ಸರಿಯಿತು. ನನಗೆ ನಗು ಬರಲಿಲ್ಲ.

ಮತ್ತೆ ಚಾಲೂ ಮಾಡುವ ಧೈರ್ಯವಾಗದೆ, ನಮ್ಮ ಓಣಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಹೆಣ್ಣುಮಗಳ ಕಡೆ ಹೋದೆ.

"ಹೊಸಾದು ಯಾಕ ಹುಡುಕ್ತೀರಿ ಕಾಕಾ? ನಿಮ್ಮ ಕಂಪ್ಯೂಟರಿನ ವಾರಿಗಿದು, ಅಷ್ಟ ಹಳೇದು, ನನ್ನ ಹಂತೇಕ ಐತಿ. ಆಗಿನ ಕಾಲಕ್ಕ ಪುಕ್ಕಟೆ ಹಂಚಿದ್ದು" ಎಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ನೆಟ್ಟಿನ ವೈರ್ ತೆಗೆದಿಟ್ಟು ಚಾಲೂ ಮಾಡಿದೆ. ಫೈಲ್ ಇತ್ತು. ಅವಳು ಕೊಟ್ಟದ್ದನ್ನು ಹಾಕಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಾಲಿಗೆ ಸಾಲು ಕನ್ನಡವಾಯಿತು. ಹೆಸರು ಸಿಕ್ಕಿತು. ಸಿಕ್ಕ ಮೇಲೆ ಬೇರೆಯೇ ಹೆದರಿಕೆ: ಅಂದಿನ ಡಾಕ್ಟರರ ಗೀಚು ಬರಹವನ್ನು ನಾನು ಸರಿಯಾಗಿ ಓದಿದ್ದೆನೇ?

ಮರುದಿನ ಡಾಕ್ಟರಮ್ಮ ನಾನು ಚೀಟಿಯಲ್ಲಿ ಇಳಿಸಿಕೊಂಡು ಹೋದ ಕನ್ನಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದರು. ಇನ್ನೊಮ್ಮೆ ಓದಿದರು. ಆಪರೇಷನ್ನಿಗೆ ಕೊಡಬೇಕಾದ ಔಷಧಗಳನ್ನು ಬರೆದು ಮೇಜಿನ ಮೇಲಿಟ್ಟಿದ್ದ ಹೆಂಡತಿಯ ಹಾಳೆಯನ್ನು ಎಳೆದುಕೊಂಡು ಅದರಲ್ಲಿನ ಒಂದು ಸಾಲಿನ ಮೇಲೆ ಎರಡು ಸಲ ಗೀಟು ಹಾಕಿದರು.

"ಛಲೋ ಆತು ನೋಡ್ರಿ, ತಂದದ್ದು" ಎಂದರು, ಅಷ್ಟೇ.

ಹೊಡೆದುಹಾಕಿದ ಆ ಸಾಲನ್ನು ನಾನು ಈಚೆ ಕಡೆಯಿಂದ ತಲೆಕೆಳಗಾಗಿಯೇ ಓದಿದೆ. ಇಂಗ್ಲಿಷಿನಲ್ಲಿ ಅದೇ ಹೆಸರು. ಹೆಂಡತಿ ಎದ್ದು ಬಾಗಿಲವರೆಗೆ ಹೋಗಿ, "ಏಳ್ರಿ" ಎಂದು ಕರೆದಳು. ನಾನು ಆ ಸಾಲನ್ನು ಇನ್ನೊಮ್ಮೆ ಓದುತ್ತಿದ್ದೆ.