ಹಾಸು ಹಾಕುತ್ತಿದ್ದ ಸೇತುವೆಯ ಮೇಲೆ ಹೂದೋಟ

ಗೌರಿಬಿದನೂರಿನ ನಮ್ಮ ಬೀದಿಯವರೇ,

ನಾವು ಮಗ್ಗದ ಹಾಸು ಹಾಕುತ್ತಿದ್ದ ಇಲ್ಲಿಯ ಹಳೆಯ ಸೇತುವೆಯನ್ನು ಉದ್ಯಾನ ಸಮಿತಿಯವರು ನಮ್ಮಿಂದ ಕಿತ್ತುಕೊಂಡು, ಅದರ ಮೇಲೆ ಹೂದೋಟ ಮಾಡಿದ್ದಾರೆ. ನೆಲದ ಮೇಲೆ ಜಾಗವಿಲ್ಲವೆಂದಲ್ಲ. ಹಳ್ಳದ ಮೇಲೆ, ಅಷ್ಟೆತ್ತರದ ಗಾಳಿಯಲ್ಲಿ, ಗಾಡಿಗಟ್ಟಲೆ ಮಣ್ಣು ಸುರಿದು ಚೆಂಡುಹೂವು ಬೆಳೆಸಿದ್ದಾರೆ. ಇಂಥ ವಿಚಿತ್ರವನ್ನು ನೀವೂ ಕಂಡಿರಲಾರಿರಿ.

ಗೌರಿಬಿದನೂರಿನಲ್ಲಿ ನೂಲು ಸಿಗದಂತಾಗಿ ಚಿಂತಾಮಣಿಗೆ ಬಂದಾಗ ನಮಗೆ ದೊರೆತದ್ದು, ಮಗ್ಗ ಇಟ್ಟರೆ ಒಲೆಗೆ ಜಾಗ ಸಾಲದ ಮನೆ. ಅದನ್ನು ಸಹಿಸಿದೆವು. ಸಹಿಸಲಾಗದ್ದು ಬೀದಿಯ ಅಂಕುಡೊಂಕು. ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೇರಿಸುವ ಮುನ್ನ ನೇರವಾಗಿ ಬಿಗಿದು, ಗಂಜಿ ಬಳಿದು, ಒಣಗುವವರೆಗೂ ಕುಂಚ ಎಳೆಯುತ್ತಿರಬೇಕು. ಇಲ್ಲವಾದರೆ ಎಳೆಗಳು ಅಂಟಿಕೊಂಡು ಹರಿಯುತ್ತವೆ. ಅಲ್ಲಿ ನಾವು ಗೂಟ ನೆಟ್ಟರೆ ನೀವು ಎಳೆ ತುಳಿಯದಂತೆ ನಿಮ್ಮ ಕರುಗಳನ್ನು ಮನೆಯಲ್ಲೇ ಕಟ್ಟಿಹಾಕುತ್ತಿದ್ದಿರಿ. ಇಲ್ಲಿ ಮೊದಲ ಹಾಸಿನ ಮೇಲೆಯೇ ಎತ್ತಿನ ಗಾಡಿ ಹಾಯಿತು. ಗಾಡಿಯವನು ಕೆಳಗಿಳಿದು ನೋಡಲೂ ಇಲ್ಲ. ಅವನ ಮುಖ ನನಗೆ ಈಗಲೂ ನೆನಪಿದೆ.

ಆಮೇಲೆ ಕಂಡದ್ದು ಈ ಸೇತುವೆ. ಇಲ್ಲಿಯವರು ತೆಲುಗಿನಲ್ಲಿ ಇದನ್ನು ವಾರಧಿ ಎನ್ನುತ್ತಾರೆ. ಹೊಸ ರಸ್ತೆ ಬೇರೆಡೆ ಹಾದುಹೋದ ಮೇಲೆ ಗಾಡಿ, ಬಸ್ಸು ಯಾವುದೂ ತುಳಿಯದ, ನೂಲು ಹಿಡಿದಂತೆ ನೇರವಾದ ಜಾಗ. ನಾನು, ನಮ್ಮಾಕೆ, ಸೊಸೆ ಕೆಲವು ವರ್ಷ ಅಲ್ಲಿ ಬೆಳಗಿನ ಬಿಸಿಲಿಗೆ ಕುಂಚ ಎಳೆದೆವು. ಈ ಊರು ನಮ್ಮದೂ ಆಯಿತೆಂದು ಮೂರ್ಖನಂತೆ ನಂಬಿದೆ.

ತೋಟ ತೆರೆದ ಮರುದಿನ ನೂಲು ಹೊತ್ತು ಹೋದಾಗ ಉದ್ಯಾನ ಸಮಿತಿಯ ಮೇಲ್ವಿಚಾರಕರು ನಕ್ಕರು.

"ಏನ್ ತಾತ, ಪಾರ್ಕಲ್ಲಿ ಸೀರೆ ಒಣಗಾಕಕ್ಕೆ ಬಂದ್ಯಾ?"

"ಸೀರೆ ಅಲ್ಲ ಸ್ವಾಮಿ, ಹಾಸು. ಮೊದಲಿಂದ್ಲೂ ಇಲ್ಲೇ ಹಾಕ್ತಿದ್ವಿ."

"ಬೆಂಚು ಹಾಕ್ಸಿದೀವಿ, ಇನ್ಮೇಲೆ ಕೂತ್ಕೋ. ಗಾಳಿ ತಗೋ."

ನಮ್ಮಾಕೆ ಸುಮ್ಮನಿರಲಿಲ್ಲ. "ಗಾಳಿ ಕುಡ್ಕೊಂಡು ಬದುಕೋದು ಹೆಂಗೇಂತ ನಮಗೂ ಹೇಳ್ಕೊಡಿ ಸ್ವಾಮಿ!"

ಅವರು ಗೇಟು ಹಾಕಿಕೊಂಡರು.

ಮಗ್ಗ ನಿಂತು ಮೂರು ತಿಂಗಳಾಯಿತು. ಸೊಸೆ ಪರರ ಮನೆಯಲ್ಲಿ ಕುದಿನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ಬಿಚ್ಚುತ್ತಾಳೆ. ಗೌರಿಬಿದನೂರಿಗೆ ಮರಳೋಣವೆಂದರೆ ನಮ್ಮ ಮನೆಯಲ್ಲಿ ಬೇರೆಯವರ ಒಲೆ ಉರಿಯುತ್ತಿದೆ. ಇಲ್ಲಿಯೇ ಇರೋಣವೆಂದರೆ ನೇಕಾರನಾಗಿ ಇರುವ ದಾರಿ ಕಾಣೆ.

ಸಮಿತಿಯ ಮಹನೀಯರೇ, ಈ ಪತ್ರದ ಪ್ರತಿಯನ್ನು ನಿಮಗೂ ಕಳುಹಿಸುತ್ತಿದ್ದೇನೆ. ಹೂವಿನ ಮಡಿಗಳಿಗೆ ನೀವು ಅಳತೆ ಹಿಡಿದ ದಿನ ನಮ್ಮ ಹಾಸು ಅಲ್ಲಿಯೇ ಬಿಗಿದು ನಿಂತಿತ್ತು. ನೀವು ಬಗ್ಗಿ, ಅದರ ಅಡಿಯಲ್ಲಿ ನುಸುಳಿಕೊಂಡೇ ಆಚೆಗೆ ಹೋದಿರಿ. ಹೂಗಳನ್ನು ಎರಡೂ ಅಂಚಿಗೆ ನೆಟ್ಟು, ನಡುವೆ ಒಂದೇ ಒಂದು ನೇರ ದಾರಿ ಬಿಡಲು ನಿಮ್ಮನ್ನು ತಡೆದದ್ದಾದರೂ ಏನು?