ಎಣ್ಣೆ ಹಚ್ಚಿದ ತಲೆಗೆ ಕೆಂಪು ದೀಪ

ಸಂಡೂರಿನ ಬೆಟ್ಟಗಳಿಂದ ಅದಿರಿನ ಲಾರಿಗಳು ಹಗಲೂ ರಾತ್ರಿ ಇಳಿದು ಬರುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಒಂದು ವಾರಪತ್ರಿಕೆ ನಡೆಸುತ್ತಿದ್ದೆ. ನಾಲ್ಕೇ ಪುಟ. ಸಂಪಾದಕ, ವರದಿಗಾರ, ಬಂಡಲ್ ಕಟ್ಟುವವ ಎಲ್ಲ ನಾನೇ. ಗಣಿ ಧಣಿಗಳ ಹುಟ್ಟುಹಬ್ಬದ ಜಾಹೀರಾತು ಮುಟ್ಟುವುದಿಲ್ಲ ಎಂಬ ಜಂಬವೊಂದಿತ್ತು. ಜಂಬ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದನ್ನು ಸ್ವಾತಂತ್ರ್ಯ ಎನ್ನುತ್ತಿದ್ದೆ.

ಆಗ ಒಬ್ಬ ಲಾರಿ ಗುತ್ತಿಗೆದಾರ ಬೆಂಗಳೂರಿನಿಂದ ಒಂದು ಯಂತ್ರ ತರಿಸಿದ. ತಲೆಗೆ ಬಿಗಿಯುವ ಪಟ್ಟಿ, ಅದರಿಂದ ನಾಲ್ಕಾರು ವೈರು, ವೈರಿನ ತುದಿಗೊಂದು ಪೆಟ್ಟಿಗೆ. ಲೋಡು ಹೊರಡುವ ಮೊದಲು ಡ್ರೈವರ್ ಅದನ್ನು ತೊಟ್ಟು ಕೂರಬೇಕು. ಮಿದುಳು ಎಚ್ಚರವಾಗಿದ್ದರೆ ಹಸಿರು ದೀಪ, ತೂಕಡಿಸುತ್ತಿದ್ದರೆ ಕೆಂಪು. ಕೆಂಪು ಬಂದವನಿಗೆ ಅಂದು ಟ್ರಿಪ್ ಇಲ್ಲ, ಮತ್ತೆ ಮತ್ತೆ ಬಂದರೆ ಕೆಲಸವೇ ಇಲ್ಲ. ಪ್ರಯೋಗಾಲಯದಲ್ಲಿದ್ದ ವಿಜ್ಞಾನ ಈಗ ನಮ್ಮ ರಸ್ತೆಗೆ ಇಳಿದಿದೆ ಎಂದು ಯಂತ್ರ ಮಾರಲು ಬಂದ ಏಜೆಂಟ್ ಪತ್ರಕರ್ತರನ್ನು ಊಟಕ್ಕೆ ಕರೆದು ಒಂದು ಹಾಳೆ ಹಂಚಿದ. ಮರುದಿನ ಪತ್ರಿಕೆಗಳೆಲ್ಲ ಆ ಹಾಳೆಯನ್ನೇ ಸುದ್ದಿ ಮಾಡಿದವು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಊಟ ಚೆನ್ನಾಗಿತ್ತಂತೆ.

ನಾನು ಊಟಕ್ಕೆ ಹೋಗಲಿಲ್ಲ, ಲಾರಿ ನಿಲ್ಲುವ ಯಾರ್ಡಿಗೆ ಹೋದೆ. ಅಲ್ಲಿ ಮರಿಯಮ್ಮನಹಳ್ಳಿ ಕಡೆಯ ಒಬ್ಬ ಡ್ರೈವರ್ ಚಹಾದಂಗಡಿಯ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದ. ನಲವತ್ತು ದಾಟಿದವನು, ಗಾಡಿ ಓಡಿಸಿದ ಅಷ್ಟೂ ವರ್ಷದಲ್ಲಿ ಒಂದು ನಾಯಿಗೂ ಗಾಡಿ ತಾಗಿಸಿದವನಲ್ಲ ಎಂದು ಪಕ್ಕದವರು ಹೇಳಿದರು. ಅವನಿಗೆ ಎರಡು ದಿನ ಕೆಂಪು ಬಂದಿತ್ತು. ಇನ್ನೊಂದು ಬಂದರೆ ಮನೆಗೆ. ಆ ರಸ್ತೆಯಲ್ಲಿ ಡ್ರೈವರುಗಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ; ಲಾರಿಯ ಹಿಂದೆ ಬರೆಸಿದ್ದೇ ಹೆಸರು. ಇವನ ಲಾರಿಯ ಹಿಂದೆ ‘ನಿಧಾನ, ಮಗಳು ಕಾಯ್ತಾಳ’ ಎಂದಿತ್ತು. ‘ಮಗಳು ಕಾಯ್ತಾಳ’ಗೆ ಒಂದು ಚಾ ಕೊಡು ಎಂದರೆ ಅಂಗಡಿಯವನು ಇವನ ಕೈಗೇ ಗ್ಲಾಸು ಕೊಡುತ್ತಿದ್ದ.

‘ಕಣ್ ತುಂಬ ನಿದ್ದಿ ಮಾಡಿ ಬಂದೀನ್ರಿ. ನಾ ಎದ್ದೀನಿ ಅಂತೀನಿ, ಅದು ಮಲಗ್ಯಾನ ಅಂತೈತಿ’ ಎಂದ.

ಏಜೆಂಟನನ್ನು ಕೇಳಿ ನಾನೂ ಆ ಪಟ್ಟಿ ತೊಟ್ಟೆ. ಪತ್ರಿಕೆ ಅಚ್ಚಿನ ಗಡಿಬಿಡಿಯಲ್ಲಿ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಬೆಳಿಗ್ಗೆ ತಲೆಸ್ನಾನ ಮಾಡಿ ನೇರ ಬಂದಿದ್ದೆ. ಹಸಿರು ಬಂತು. ನಿಂತಲ್ಲೇ ನಿದ್ದೆ ಹೋಗುವಂತಿದ್ದ ನನಗೆ ಹಸಿರು! ಬಳ್ಳಾರಿಯಲ್ಲಿ ಇಂಥದೇ ಪರೀಕ್ಷೆ ಮಾಡುವ ವೈದ್ಯರೊಬ್ಬರ ಬಳಿಗೆ ಹೋಗಿ ಕೇಳಿದೆ. ಅವರು ಮೊದಲು ಕೇಳಿದ್ದು, ಡ್ರೈವರುಗಳು ತಲೆಗೆ ಎಣ್ಣೆ ಹಚ್ಚುತ್ತಾರಾ ಎಂದು. ಹಚ್ಚದೆ ಏನು? ಕೆಂಪು ಧೂಳು ಬುರುಡೆಗೆ ಇಳಿಯಬಾರದೆಂದು ಅಂಗೈ ತುಂಬ ಹಚ್ಚುತ್ತಿದ್ದರು. ಎಣ್ಣೆಯ ಮೇಲೆ ಕೂತ ಪಟ್ಟಿಗೆ ಏನೂ ಸರಿಯಾಗಿ ತಿಳಿಯುವುದಿಲ್ಲ, ನಾವು ತಲೆ ತೊಳೆಸದೆ ಪರೀಕ್ಷೆಗೆ ಮುಟ್ಟುವುದೇ ಇಲ್ಲ ಎಂದರು. ಎಚ್ಚರವಿದ್ದವನಿಗೆ ಕೆಂಪು ಬರುವುದಕ್ಕೆ ಕಾರಣ ಸಿಕ್ಕಿತು. ತೂಕಡಿಸುವವನಿಗೆ ಹಸಿರು ಏಕೆ ಎಂಬುದಕ್ಕೆ ಅವರಲ್ಲೂ ಉತ್ತರವಿರಲಿಲ್ಲ.

ಮಾತಾಡುವ ಮುಂಚೆ ಡ್ರೈವರ್ ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದ: ಹೆಸರು ಹಾಕಬಾರದು. ಹಾಕಲಿಲ್ಲ. ಎಣ್ಣೆಯ ಸಂಗತಿ ಬರೆದೆ, ನನ್ನ ಹಸಿರು ದೀಪವನ್ನೂ ಬರೆದೆ. ಮುಖಪುಟಕ್ಕೆ ತಲೆಬರಹ ಬೇಕಿತ್ತು. ‘ನಿಧಾನ, ಮಗಳು ಕಾಯ್ತಾಳ’ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಎಷ್ಟು ಚೆನ್ನಾಗಿ ಕೂತಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೊರಗಿನಿಂದ ಬಂದ ಪತ್ರಕರ್ತ ಮಾಡಿದ್ದರೆ ಕ್ಷಮಿಸಬಹುದಿತ್ತು. ಆ ರಸ್ತೆಯ ಚಹಾ ಕುಡಿದೇ ಬೆಳೆದವನು ನಾನು.

ಅಂದು ಪತ್ರಿಕೆ ಬಿಸಿ ದೋಸೆಯ ಹಾಗೆ ಹೋಯಿತು. ಮಧ್ಯಾಹ್ನಕ್ಕೆ ಆ ಡ್ರೈವರನ ಕೈಯಿಂದ ಲಾರಿಯ ಕೀ ಕಿತ್ತುಕೊಂಡರು. ಬೇರೆ ಗುತ್ತಿಗೆದಾರರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಯಂತ್ರಕ್ಕೆ ಮಾತ್ರ ನನ್ನಿಂದ ಭಾಳ ಉಪಕಾರವಾಯಿತು. ಯಾರ್ಡಿನ ನಲ್ಲಿಯ ಪಕ್ಕ ಶಾಂಪೂ ಸ್ಯಾಷೆಗಳ ಸರ ತೂಗುಹಾಕಿ, ತಲೆ ತೊಳೆದು ಬರತಕ್ಕದ್ದು ಎಂದು ಬೋರ್ಡು ಬರೆಸಿದರು. ಕೆಂಪು ಬರುವುದು ನಿಂತಿತು. ತೂಕಡಿಸುತ್ತ ಬಂದವರಿಗೂ ಹಸಿರು ಬಂತು, ಅದನ್ನು ಯಾರೂ ಕೇಳಲಿಲ್ಲ. ಏಜೆಂಟ್ ನನ್ನ ಕಚೇರಿಗೇ ಬಂದು ಕೈಕುಲುಕಿದ. ನಿಮ್ಮ ವರದಿಯಿಂದ ನಮ್ಮ ಯಂತ್ರ ಸುಧಾರಿಸಿತು, ಇನ್ನೆರಡು ಕಡೆ ಕೊಂಡಿದ್ದಾರೆ ಎಂದ. ನಾನು ಕೈ ಕೊಟ್ಟೆ. ಇದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಡ್ರೈವರ್ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆಂದು ತಿಳಿದು, ಕೆಲವು ತಿಂಗಳ ಮೇಲೆ ಹೋದೆ. ಗಿರಣಿಯ ಅಂಗಳದಲ್ಲಿ ಚೀಲ ಇಳಿಸುತ್ತಿದ್ದ. ಕುಂದ್ರಿ ಎಂದ, ನೀರು ತರಿಸಿದ. ಬೈದರೆ ಎದುರಾಡಲು ಸಿದ್ಧನಾಗಿ ಬಂದಿದ್ದೆ. ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ, ಹೆಸರನ್ನು ಎಲ್ಲಿಯೂ ಹಾಕಲಿಲ್ಲ ಎಂದೆ. ನಿನಗಾದ ಅನ್ಯಾಯವನ್ನೇ ಈಗ ಬರೆಯುತ್ತೇನೆ ಎಂದೂ ಸೇರಿಸಿದೆ.

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

‘ಬ್ಯಾಡ್ರಿ, ಬರೀಬ್ಯಾಡ್ರಿ. ಹೆಸರು ಹಾಕಿಲ್ಲ ಅಂತೀರಿ. ನನ್ನ ಹೆಸರು ನೀವು ಯಾವತ್ತರ ಕೇಳೀರೇನ್ರಿ?’

ಕೇಳಿರಲಿಲ್ಲ. ಅಲ್ಲೇ ನಿಂತು ಕೇಳಿದೆ. ಅವನು ಹೇಳಲಿಲ್ಲ.